ಬಂಡೆಯ ಮೇಲಿನ ಮರುಭೂಮಿ

ಸಿಂಧನೂರು ಬಿಟ್ಟಾಗ ರಸ್ತೆಯ ಎರಡೂ ಬದಿಗೆ ಭತ್ತದ ನಾಟಿ ನಡೆದಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಗದ್ದೆಗಳು, ಒಂದಾದ ಮೇಲೊಂದು ಕ್ಯಾಂಪಿನ ಬೋರ್ಡು, ಅಕ್ಕಿ ಗಿರಣಿ. ಮರುಭೂಮಿಯ ಗಿಡ ಹುಡುಕಲು ಹೊರಟವರು ಹಿಡಿಯುವ ದಾರಿ ಇದು ಅಂದರೆ ಯಾರೂ ನಂಬಲಿಕ್ಕಿಲ್ಲ. 150ಎ ಹೆದ್ದಾರಿಯಲ್ಲಿ ಮಸ್ಕಿ ಕಡೆಗೆ ಸಾಗಿದಂತೆ ನೀರು ಹತ್ತದ ಎತ್ತರದ ನೆಲ ಬಂತು. ಹತ್ತಿ, ತೊಗರಿ, ಸಜ್ಜೆ; ಆಮೇಲೆ ಉಂಡೆಗಲ್ಲುಗಳ ಗುಡ್ಡ.

ಹೊಲದ ಬೇಲಿಯಲ್ಲಿ ಕಾಣುವ ಪಾಪಾಸುಕಳ್ಳಿ ನನ್ನ ಹುಡುಕಾಟದ ಗಿಡವಲ್ಲ. ಅದರ ತವರು ಅಮೆರಿಕ. ಕೆಂಪು ಬಣ್ಣ ಕೊಡುವ ಕೊಚಿನಿಯಲ್ ಹುಳುವನ್ನು ಸಾಕಬೇಕೆಂದು ಕಂಪನಿ ಸರ್ಕಾರಕ್ಕೆ ಆಸೆಯಿತ್ತು. 1795ರಲ್ಲಿ ತರಿಸಿದ್ದು ಮಾತ್ರ ಬೇರೆ ಜಾತಿಯ ಹುಳು; ಬಣ್ಣ ಸರಿಬರಲಿಲ್ಲ, ಕಳ್ಳಿಯನ್ನೇ ತಿಂದು ಹಾಕಿತು. ಮತ್ತೊಂದು ಜಾತಿಯ ಕಳ್ಳಿಯನ್ನು ಹತ್ತಿಕ್ಕಲು 1926ರಲ್ಲಿ ಸಿಂಹಳದಿಂದ ಇನ್ನೊಂದು ಹುಳುವನ್ನೇ ತರಬೇಕಾಯಿತು. ನಮ್ಮ ನೆಲದಲ್ಲೇ ಹುಟ್ಟಿ, ಕಳ್ಳಿಯಂತೆಯೇ ಎಲೆ ಬಿಟ್ಟುಕೊಟ್ಟು, ಕಾಂಡದಲ್ಲಿ ನೀರು ಕಟ್ಟಿಕೊಂಡು ಬದುಕುವ ಬೇರೊಂದು ಕುಲವಿದೆ. ಸಸ್ಯಶಾಸ್ತ್ರದವರು ಅದನ್ನು ಕರಲ್ಲುಮ ಎನ್ನುತ್ತಾರೆ. ಕೋರಮಂಡಲ ತೀರದ ಗಿಡಗಳ ಕುರಿತ ತನ್ನ ಗ್ರಂಥದಲ್ಲಿ ವಿಲಿಯಂ ರಾಕ್ಸ್‌ಬರ್ಗ್ 1795ರಲ್ಲೇ ಇದರ ಒಂದು ಜಾತಿಯ ಚಿತ್ರ ಕೊಟ್ಟಿದ್ದಾನೆ. ವಂಶದಲ್ಲಿ ಇದು ಎಕ್ಕದ ಗಿಡದ ನೆಂಟ. ನಾನು ಬಂದದ್ದು ಇದಕ್ಕಾಗಿ.

ಮಸ್ಕಿಯಲ್ಲಿ ಮೊದಲು ಅಶೋಕನ ಶಾಸನ ನೋಡಿದೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಬಿದ್ದ ಬಂಡೆ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಲೋಕಕ್ಕೆ ಗಟ್ಟಿಯಾದದ್ದು ಇಲ್ಲಿ. ಮನುಷ್ಯರಿಗೂ ಪ್ರಾಣಿಗಳಿಗೂ ಬೇಕಾದ ಔಷಧಿಯ ಗಿಡಮೂಲಿಕೆಗಳು ಇಲ್ಲದ ಕಡೆ ತರಿಸಿ ನೆಡಿಸಿದೆ ಎಂದು ಅದೇ ದೊರೆ ಇನ್ನೊಂದೆಡೆ, ತನ್ನ ಎರಡನೆಯ ಬೃಹತ್ ಶಿಲಾಶಾಸನದಲ್ಲಿ ಹೇಳಿಕೊಂಡಿದ್ದಾನೆ. ಗುಡ್ಡ ಹತ್ತುವಾಗ ಆ ಮಾತು ತಲೆಯಲ್ಲೇ ಇತ್ತು.

ಊರಾಚೆಯ ಇನ್ನೊಂದು ಗುಡ್ಡದ ಮಗ್ಗುಲಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ ಹಿರಿಯರೊಬ್ಬರು ನಾನು ಪೊದೆಪೊದೆಗೂ ಬಾಗುವುದನ್ನು ನೋಡಿ ಕೇಳಿದರು: “ಏನ್ ಹುಡುಕಾಕತ್ತೀರಿ? ಬಂಗಾರ ಏನು?”

“ಅಲ್ಲ ಅಜ್ಜಾರ, ಕಳ್ಳಿ.”

“ಕಳ್ಳಿ ಬೇಲ್ಯಾಗ ಐತಲ್ರಿ!”

ಮುಳ್ಳಿಲ್ಲದ್ದು, ನಾಲ್ಕು ಮೂಲೆಯದ್ದು, ತಿನ್ನುವಂಥದ್ದು ಎಂದೆ. ಅವರು ಎದ್ದು, ಕೈಯಲ್ಲಿದ್ದ ಬಡಿಗೆಯಿಂದ ಕಾರೆಮುಳ್ಳಿನ ಪೊದೆಯೊಂದನ್ನು ಸರಿಸಿದರು. ಒಳಗೆ, ಬೂದು ಹಸಿರಿನ ಕಡ್ಡಿಗಳು ಬೆರಳುದ್ದಕ್ಕೆ ನಿಂತಿದ್ದವು. ತುದಿ ಸಣ್ಣಗಾಗುತ್ತ ಹೋದಲ್ಲಿ ನೇರಳೆಗಪ್ಪು ಹೂ ತಲೆಬಾಗಿಸಿಕೊಂಡಿದ್ದವು. ಎಸಳಿನ ಅಂಚಿನ ಕೂದಲು ಗಾಳಿ ಇಲ್ಲದೆಯೂ ನಡುಗುತ್ತಿತ್ತು.

“ಸಣ್ಣಾವಿದ್ದಾಗ ಉಪ್ಪು ಹಚ್ಚಿ ತಿಂತಿದ್ವಿ. ನೀರಡಿಕಿ ತಡೀತಿತ್ತು. ಮುಂಜಾನೆ ಹುಳಿ ಇರತೈತಿ, ಬಿಸಿಲೇರಿದ ಮ್ಯಾಲ ಹುಳಿ ಇರಂಗಿಲ್ಲ,” ಅಂದರು.

ನಾನು ಅವರ ಮುಖವನ್ನೇ ನೋಡಿದೆ. ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೇಯ್ನ್ ಕಾಡುಬಸಳೆಯ ಎಲೆ ಜಗಿದು ಇದನ್ನೇ ಕಂಡುಕೊಂಡಿದ್ದ. ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ ಎಂದು ಅವನು ಬರೆದ ಪತ್ರವನ್ನು ಲಂಡನ್ನಿನ ಲಿನ್ನಿಯನ್ ಸೊಸೈಟಿ 1815ರಲ್ಲಿ ಅಚ್ಚು ಹಾಕಿತು. ಕಾರಣ ಗೊತ್ತಾಗಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಬೇರೆ ಗಿಡಗಳು ಹಗಲಲ್ಲಿ ಉಸಿರುರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತವೆ, ಅದೇ ದಾರಿಯಲ್ಲಿ ನೀರನ್ನೂ ಕಳೆದುಕೊಳ್ಳುತ್ತವೆ. ಈ ಜಾತಿಯವು ಹಗಲೆಲ್ಲ ಬಾಗಿಲು ಹಾಕಿಕೊಂಡು, ರಾತ್ರಿ ತಂಪಿನಲ್ಲಿ ತೆರೆದು, ಒಳಗೆಳೆದುಕೊಂಡದ್ದನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ. ಹುಳಿ ಅದರದು. ಬಿಸಿಲು ಬಂದ ಮೇಲೆ ಅದನ್ನೇ ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತವೆ.

ರಾಯಚೂರು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಲೆಕ್ಕದಲ್ಲಿ ಇದು ಮರುಭೂಮಿಯಲ್ಲ. ಬಂಡೆಯ ಮೇಲೆ ಬಿದ್ದ ಮಳೆ ಮಾತ್ರ ಗಳಿಗೆಯಲ್ಲಿ ಇಳಿದುಹೋಗುತ್ತದೆ. ಉಳಿಯುವುದು ಬಿರುಕಿನಲ್ಲಿ ನಿಂತ ಗೇಣು ಮಣ್ಣು, ಕಾದ ಕಲ್ಲು. ಕೆಳಗೆ ಭತ್ತ, ಮೇಲೆ ಮರುಭೂಮಿ. ಆ ಗೇಣು ಮಣ್ಣಿನಲ್ಲೂ ಕರಲ್ಲುಮ ಒಂಟಿಯಾಗಿ ನಿಲ್ಲುವುದು ಕಡಿಮೆ. ಮೊಳಕೆಗೆ ನೆರಳು ಬೇಕು, ದನಕುರಿಯ ಬಾಯಿಂದ ಮರೆ ಬೇಕು. ಕಾರೆ, ತಂಗಡಿ, ಬಂದರಿಕೆಯ ಪೊದೆ ಅದನ್ನು ಬಾಣಂತಿಯ ಕೋಣೆಯಂತೆ ಕಾಯುತ್ತದೆ. ಪೊದೆ ಕಡಿದರೆ ಗಿಡ ಹೋಯಿತು. ಕಾಗದದಲ್ಲಿ ಈ ಜಾಗಗಳಿಗೆ ‘ಪಾಳುಭೂಮಿ’ ಎಂದು ಬರೆಯುತ್ತಾರಲ್ಲ, ಅದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಲಿಂಗಸೂಗೂರು ದಾಟಿ ಮುದಗಲ್ ಕಡೆಯ ಗುಡ್ಡವೊಂದರಲ್ಲಿ ಇನ್ನೊಂದು ಜಾತಿ ಸಿಕ್ಕಿತು. ಕಣ್ಣಿಗಿಂತ ಮೊದಲು ಮೂಗಿಗೆ. ಅಂಬೆಲ್ಲಾಟ ಎಂಬ ಈ ಜಾತಿಯ ದಪ್ಪ ಕಾಂಡದ ತುದಿಗೆ ಹೂಗಳು ಒತ್ತೊತ್ತಾಗಿ ಚೆಂಡು ಕಟ್ಟಿದ್ದವು, ಕೊಳೆತ ಮಾಂಸದ ಬಣ್ಣ, ಅದೇ ವಾಸನೆ. ನೊಣಗಳು ಮುತ್ತಿದ್ದವು. ಹೂವಿನ ಪರಾಗ ಪುಡಿಯಾಗಿರುವುದಿಲ್ಲ. ಜೋಡಿ ಗಂಟಾಗಿದ್ದು, ಕೊಕ್ಕೆಯಂತೆ ನೊಣದ ಮೈಗೆ ಸಿಕ್ಕಿಕೊಳ್ಳುತ್ತದೆ. ಮೋಸಹೋದ ನೊಣ ಇನ್ನೊಂದು ಹೂವಿಗೂ ಮೋಸಹೋದರೆ ಮಾತ್ರ ಕಾಯಿ. ಗಿಡಗಳು ದೂರದೂರ ಉಳಿದುಬಿಟ್ಟರೆ ಈ ಸರಪಳಿ ಕಡಿಯುತ್ತದೆ. ಕೊಂಬಿನಂಥ ಜೋಡಿ ಕಾಯಿ ಒಡೆದಾಗ ರೇಷ್ಮೆ ಎಳೆ ಕಟ್ಟಿಕೊಂಡ ಬೀಜ ಹಾರುತ್ತದೆ, ಎಕ್ಕದ ಬೀಜ ಹಾರಿದ ಹಾಗೆಯೇ. ಅದು ಇನ್ನೊಂದು ಪೊದೆಯ ಬುಡದಲ್ಲೇ ಇಳಿಯಬೇಕು.

ಈ ಕಡೆಯ ಗ್ರಾನೈಟ್‌ಗೆ ಹೊರಗೆ ಬೇಡಿಕೆಯಿದೆ. ದಾರಿಯಲ್ಲಿ ಅರ್ಧ ಕೊಯ್ದ ಗುಡ್ಡಗಳನ್ನು ನೋಡಿದೆ; ಕೊಯ್ಯದ ಕಡೆ ಬಳ್ಳಾರಿ ಜಾಲಿ ಏರಿ ಬಂದು ಹಳೆಯ ಪೊದೆಗಳನ್ನು ಒತ್ತರಿಸಿದೆ. ಹಸಿವು ತಗ್ಗಿಸುತ್ತದೆಂದು ಕರಲ್ಲುಮದ ಸಾರ ತೂಕ ಇಳಿಸುವ ಗುಳಿಗೆಯಾಗಿ ದೇಶವಿದೇಶದಲ್ಲಿ ಮಾರಾಟವಾಗುತ್ತಿದೆ. ಕುಂಡದಲ್ಲಿಟ್ಟು ಸಾಕುವ ಶೋಕಿಯವರು ಬೇರೆ. ಕಾಡಿನಲ್ಲಿ ಕಿತ್ತ ಗಿಡಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ.

ಹಾಗಾಗಿ ಗುಡ್ಡಗಳ ಹೆಸರನ್ನು ಇಲ್ಲಿ ಬರೆದಿಲ್ಲ, ತೆಗೆದ ಫೋಟೊಗಳಲ್ಲಿ ಜಾಗದ ಗುರುತು ಅಳಿಸಿದ್ದೇನೆ. ಕುರಿ ಕಾಯುವ ಅಜ್ಜಾರಿಗೆ ಗೊತ್ತಿದೆ. ತಿನ್ನುವಾಗಲೂ ಬುಡ ಕೀಳುತ್ತಿರಲಿಲ್ಲ, ತುದಿ ಮುರಿದುಕೊಳ್ಳುತ್ತಿದ್ದೆವು ಎಂದು ಅವರು ಹೇಳಿದ್ದರು. ಬುಡ ಬಿಟ್ಟರೆ ಮುಂದಿನ ಮಳೆಗೆ ಅಲ್ಲೇ ಮತ್ತೆ ಕಡ್ಡಿ ಬರುತ್ತದೆ.