ಅಟ್ಟದ ಮೇಲಿನ ದಂಡು

ದಾವಣಗೆರೆಯ ನಿಟ್ಟುವಳ್ಳಿಯ ಹಳೇ ಮನೆಗಳಿಗೆಲ್ಲ ಅಟ್ಟ ಇರುತ್ತಿತ್ತು. ಅಡುಗೆಮನೆಯ ಹೊಗೆ ನೇರ ಅಲ್ಲಿಗೇ ಏರುತ್ತಿತ್ತು. ಬಿತ್ತನೆಗೆಂದು ಕಟ್ಟಿಟ್ಟ ಜೋಳದ ತೆನೆ, ಬೆಳ್ಳುಳ್ಳಿ ಗೊಂಚಲು, ಹರಿದ ಕಂಬಳಿ, ಇವೆಲ್ಲದರ ಹಿಂದೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು. ಅದನ್ನು ಯಾರೂ ಬಿಚ್ಚುತ್ತಿರಲಿಲ್ಲ, ಎಸೆಯುತ್ತಲೂ ಇರಲಿಲ್ಲ. ಮಾನೌಮಿಗೆ ಕೆಳಗಿಳಿಸಿ, ಕುಂಕುಮ ಹಚ್ಚಿ, ಮತ್ತೆ ಮೇಲಿಡುವುದು. ಒಳಗೇನಿದೆ ಎಂದು ಕೇಳಿದರೆ ‘ಹಿರೇರ ಕಾಗದ’ ಅನ್ನುವುದಷ್ಟೇ ಉತ್ತರ. ಅಷ್ಟು ವರ್ಷ ಆ ಗಂಟುಗಳನ್ನು ಕಾದದ್ದು ಕುಂಕುಮವಲ್ಲ, ಒಲೆಯ ಹೊಗೆ ಎಂಬುದು ನನಗೆ ಹೊಳೆದದ್ದು ತೀರಾ ತಡವಾಗಿ. ಗ್ಯಾಸ್ ಒಲೆ ಬಂದ ಮನೆಗಳಲ್ಲಿ ಗೆದ್ದಲು ಹತ್ತಿ, ಗಂಟುಗಳು ಒಂದೊಂದಾಗಿ ಹಿಟ್ಟಾಗತೊಡಗಿದ ಮೇಲೆ.

ನಾನು ಇತಿಹಾಸ ಓದಿದವನಲ್ಲ. ಲೆಕ್ಕ ಬರೆದು ಹೊಟ್ಟೆ ಹೊರೆದವನು. ಆದರೆ ಭಾನುವಾರ ಬಂತೆಂದರೆ ಸೈಕಲ್ ತೆಗೆದು ನಿಟ್ಟುವಳ್ಳಿ, ಹಳೇಪೇಟೆ, ಹರಿಹರ, ಹೊನ್ನಾಳಿ ಅಂತ ಅಲೆಯುತ್ತಿದ್ದೆ. ತಲೆಯಲ್ಲಿ ಹೊಕ್ಕಿದ್ದದ್ದು 1830ರ ನಗರ ಸೀಮೆಯ ದಂಗೆ. ನಮ್ಮ ಸೀಮೆಯ ಒಕ್ಕಲು ಮಕ್ಕಳು ಬೇಸಾಯ ಬಿಟ್ಟು ಕೂಟ ಕಟ್ಟಿದ ಯುದ್ಧ ಅದು. ಮೂರನೇ ಕೃಷ್ಣರಾಜ ಒಡೆಯರ ಕಾಲದಲ್ಲಿ ಶರ್ತು ಪದ್ಧತಿ ಅಂತ ಒಂದಿತ್ತು. ಇಂತಿಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಅಮಲ್ದಾರ ಮುಚ್ಚಳಿಕೆ ಬರೆದುಕೊಡಬೇಕು, ಕಡಿಮೆ ಬಿದ್ದರೆ ಅವನೇ ತುಂಬಬೇಕು. ಅವನು ಎಲ್ಲಿಂದ ತುಂಬಿಯಾನು? ರೈತನ ಕಣದಿಂದ. 1830ರ ಆಗಸ್ಟ್‌ನಲ್ಲಿ ಶಿವಮೊಗ್ಗದ ಬಳಿಯ ಹೊಸಂತೆಯಲ್ಲಿ ಮೊದಲ ಕೂಟ ಸೇರಿತು. ಕೂಟದ ಕಾಗದಗಳು ಊರಿಂದ ಊರಿಗೆ ಹೋದವು. ಚನ್ನಗಿರಿ ಕಡೆಯ ಬಸವಾಪಟ್ಟಣದಲ್ಲೂ ಜನ ನೆರೆದರು. ಕೆಳದಿ ಅರಸರ ವಂಶದವನು ತಾನೆಂದು ಎದ್ದು ನಿಂತ ಬೂದಿ ಬಸವಪ್ಪನ ಕೈಯಲ್ಲಿ ಆ ಅರಸರ ಹಳೇ ಮುದ್ರೆಗಳಿದ್ದವು ಎನ್ನುತ್ತದೆ ರೈಸ್ ಸಾಹೇಬರ ಮೈಸೂರು ಗೆಜೆಟಿಯರ್. ಮುದ್ರೆ ಇದ್ದ ಮೇಲೆ ಕಾಗದವೂ ಇದ್ದೇ ಇರಬೇಕಲ್ಲ. ನನ್ನ ಅಲೆದಾಟಕ್ಕೆ ಅಷ್ಟೇ ಆಧಾರ.

ಕೊನೆಗೆ 1831ರ ಅಕ್ಟೋಬರ್‌ನಲ್ಲಿ ರಾಜ್ಯವೇ ಮಹಾರಾಜರ ಕೈತಪ್ಪಿ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಐವತ್ತು ವರ್ಷ, 1881ರವರೆಗೆ, ಮೈಸೂರು ಕಮಿಷನರುಗಳ ಆಡಳಿತದಲ್ಲಿತ್ತು. ಇಷ್ಟು ದೊಡ್ಡ ಸಂಗತಿಯ ಬಗ್ಗೆ ಸಾಹೇಬರು ಕೂತು ವಿಚಾರಣೆ ಮಾಡಿ 1833ರಲ್ಲಿ ವರದಿ ಬರೆದರು. ಕೂಟಕ್ಕೆ ಹೋದವನ ಮನೆಯಲ್ಲಿ ಮಾತ್ರ ಒಂದು ಚೀಟಿಯೂ ಇಲ್ಲ. ದಂಗೆ ಅಡಗಿದ ಮೇಲೆ ಕೂಟದ ಕಾಗದ ಇಟ್ಟುಕೊಳ್ಳುವುದೆಂದರೆ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ. ಒಲೆಗೆ ಹಾಕಿರುತ್ತಾರೆ. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಹರಿಹರದ ಹೊಳೆದಂಡೆಯಲ್ಲಿ ಕೂತಾಗ ಈ ವಿಷಯ ಇನ್ನಷ್ಟು ಚುಚ್ಚುತ್ತದೆ. 1800ರ ಜೂನ್‌ನಲ್ಲಿ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂ ಗೆದ್ದ ವೆಲಿಂಗ್ಟನ್ ಡ್ಯೂಕ್, ಇಲ್ಲಿಯೇ ತುಂಗಭದ್ರೆ ದಾಟಿದ್ದು. ಬೆನ್ನಟ್ಟಿ ಹೊರಟಿದ್ದು ನಮ್ಮ ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘನನ್ನು. ಟಿಪ್ಪುವಿನ ಸೆರೆಯಲ್ಲಿದ್ದವನು ಶ್ರೀರಂಗಪಟ್ಟಣ ಬಿದ್ದ ದಿನ ಹೊರಬಂದು, ದಂಡು ಕಟ್ಟಿ, ಎರಡು ಲೋಕಕ್ಕೂ ತಾನೇ ಒಡೆಯ ಎಂದು ಸಾರಿಕೊಂಡ ಗಂಡು. ಆ ಬೇಟೆಯ ದಿನಗಳಲ್ಲಿ ವೆಲ್ಲೆಸ್ಲಿ ಬರೆದ ಕಾಗದಗಳು ಇವತ್ತಿಗೂ ಅಚ್ಚಿನಲ್ಲಿವೆ. ಹೊಳೆ ಏರಿದೆ, ಎತ್ತು ಸಾಲದು, ಅಕ್ಕಿ ಬಂದಿಲ್ಲ ಎಂಬಂಥ ದಿನದ ಗೊಣಗಾಟವೂ ಸಂಪುಟ ಸಂಪುಟವಾಗಿ ಲಂಡನ್ನಿನಲ್ಲಿ ಪುಸ್ತಕವಾಯಿತು. ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಧೋಂಡಿಯ ಸತ್ತ. ಅವನ ಸಾಮಾನು ಸರಂಜಾಮಿನ ನಡುವೆ ಸಿಕ್ಕ ಪುಟ್ಟ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯೇ ಸಾಕಿದ, ಊರಿಗೆ ಹೊರಡುವಾಗ ಅವನಿಗೆಂದು ಹಣ ಬಿಟ್ಟು ಹೋದ. ದೊಡ್ಡತನವೇ, ಇಲ್ಲವೆನ್ನುವುದಿಲ್ಲ. ಆದರೆ ಧೋಂಡಿಯ ಚನ್ನಗಿರಿಗೆ ಏನಾದರೂ ಹೇಳಿ ಕಳಿಸಿದ್ದನೇ? ಅವನ ಹಿಂದೆ ಹೋದ ಸವಾರರು ಮನೆಗೆ ಏನು ಬರೆಸಿದರು? ನಮ್ಮವರ ಯುದ್ಧವನ್ನು ನಾವು ಹಗೆಯ ಟಪಾಲಿನಲ್ಲಿ ಹುಡುಕಿ ಓದಬೇಕು.

ಸಿಪಾಯಿ ಬರೆದ ಕಾಗದ ನನಗೆ ಸಿಕ್ಕಿದ್ದು ಒಂದೇ ಒಂದು. ಅದನ್ನೂ ಅವನು ಯಾರ ಕೈಲೋ ಬರೆಸಿದ್ದು. ನಿಟ್ಟುವಳ್ಳಿಯ ಒಂದು ಮನೆಯ ಗಂಟಿನಲ್ಲಿ, ಒರಟು ಕೈಕಾಗದದ ಉದ್ದನೆಯ ಪಟ್ಟಿ, ಸುರುಳಿ ಸುತ್ತಿದ್ದು. ಪೂರ್ತಿ ಮೋಡಿ ಅಕ್ಷರ, ಮರಾಠಿಯ ಹಳೇ ಕೂಡುಬರಹ. ಮೈಸೂರು ಸೀಮೆಯ ಕಚೇರಿಗಳಲ್ಲಿ ಕನ್ನಡದ ಜೊತೆಗೆ ಮರಾಠಿ ಲೆಕ್ಕವೂ ನಡೆಯುತ್ತಿದ್ದ ಕಾಲ. ದಾವಣಗೆರೆಯನ್ನಂತೂ ಹೈದರಾಲಿ ಆಪೋಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟಿದ್ದ. ಹಾಗಾಗಿ ಮೋಡಿ ಇಲ್ಲಿ ಹೊರಗಿನದೇನಲ್ಲ. ಓದುವವರು ಬೇಕಲ್ಲ? ಮನೆಯ ಯಜಮಾನರು ಕಣ್ಣು ಕಿರಿದು ಮಾಡಿ, ‘ಬರೇ ಗೊದ್ದ ಹರಿದಾಡಿದಂಗೈತಿ ನೋಡ್ರಿ’ ಎಂದರು.

ಹಳೇಪೇಟೆಯಲ್ಲಿ ಶಾನುಭೋಗರ ಮನೆತನದ ಅಜ್ಜಾರೊಬ್ಬರಿದ್ದರು. ಅವರ ಮುಂದೆ ಕೂತೆ. ಮೋಡಿಯಲ್ಲಿ ಪದಕ್ಕೂ ಪದಕ್ಕೂ ನಡುವೆ ಬಿಡುವಿಲ್ಲ, ಲೇಖನಿ ಎತ್ತದೆ ಎಳೆದುಕೊಂಡು ಹೋಗುವ ಬರಹ. ಅಜ್ಜಾರು ಬೆರಳು ಊರಿ, ತುಟಿ ಆಡಿಸುತ್ತ, ಸಾಲು ಮುಗಿದಾಗೊಮ್ಮೆ ಉಸಿರು ಬಿಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

‘ಏನೈತ್ರೀ ಅಜ್ಜಾರ ಇದ್ರಾಗೆ? ಯುದ್ಧದ ಸುದ್ದಿನಾ?’

‘ಯುದ್ಧ ಗಿದ್ಧ ಏನಿಲ್ಲಪ್ಪಾ. ಕುದ್ರಿ ಸತ್ತೈತಂತೆ. ಬ್ಯಾರೆ ಕುದ್ರಿಗೆ ರೊಕ್ಕ ಕಳಸ್ರಿ, ಇಲ್ಲಾಂದ್ರೆ ಚಾಕರಿ ಹೋಕೈತಿ ಅಂತಾನೆ.’

ಆ ಹೊತ್ತಿಗೆ ಸಪ್ಪಗಾದೆ. ರಾತ್ರಿ ಮಲಗಿದಾಗ ಕಾಗದ ಬಾಯಿ ಬಿಟ್ಟಿತು. ಇವನು ಮೈಸೂರಿನ ಸಿಲ್ಲೆದಾರ್ ಕುದುರೆ ಪಡೆಯವನಿರಬೇಕು, ಕಂಪನಿಯೊಂದಿಗಿನ 1807ರ ಒಪ್ಪಂದದ ಪ್ರಕಾರ ನಾಲ್ಕು ಸಾವಿರ ಸವಾರರ ಪಡೆ. 1817ರ ಡಿಸೆಂಬರಿನಲ್ಲಿ ದೂರದ ಮಹಿದ್‌ಪುರದಲ್ಲಿ ಹೋಳ್ಕರನ ಮೇಲೂ ಕಾದಿ ಬಂದವರು. ಸಿಲ್ಲೆದಾರ ಅಂದರೆ ಕುದುರೆ ಅವನದೇ, ಹತಾರವೂ ಅವನದೇ. ಕುದುರೆ ಬಿದ್ದರೆ ಬದುಕೇ ಬಿತ್ತು. ಇವನು ಯಾವ ಕಾಳಗಕ್ಕೆ ಹೋಗಿದ್ದನೋ, ಕಾಗದದಲ್ಲಿ ಅದರ ಹೆಸರೇ ಇಲ್ಲ. ಅವನ ಮಟ್ಟಿಗೆ ಆ ಯುದ್ಧ ಅಂದರೆ ಒಂದು ಸತ್ತ ಕುದುರೆ.

ಮರುವಾರ ನಕಲು ಮಾಡಿಕೊಳ್ಳೋಣವೆಂದು ಹೋದರೆ ಆ ಮನೆಯಲ್ಲಿ ಹಿಸ್ಸೆ ಆಗುತ್ತಿತ್ತು. ಮೂವರು ಅಣ್ಣತಮ್ಮಂದಿರು ಹೊಲ, ಹಿತ್ತಲು, ಹಂಡೆ ಎಲ್ಲ ಹಂಚಿಕೊಂಡು, ‘ಹಿರೇರ ಕಾಗದ’ವನ್ನೂ ಸಮನಾಗಿ ಹಂಚಿಕೊಂಡಿದ್ದರು. ಆ ಉದ್ದನೆಯ ಪಟ್ಟಿಯನ್ನು ಕತ್ತರಿಯಿಂದ ಮೂರು ತುಂಡು ಮಾಡಿ! ಒಂದು ತುಂಡು ಬೆಂಗಳೂರಿಗೆ ಹೋಯಿತು, ಒಂದು ರಾಣೆಬೆನ್ನೂರಿಗೆ. ಇಲ್ಲಿ ಉಳಿದ ತುಂಡಿಗೆ ಈಗಲೂ ಕುಂಕುಮ ಹಚ್ಚುತ್ತಾರೆ.

ನಿಜ ಹೇಳಬೇಕೆಂದರೆ ಈ ಗಂಟುಗಳ ಜೀವ ಹೋದದ್ದು ಗೆದ್ದಲಿಗೂ ಮುಂಚೆ. 1961ರ ಕಾಯ್ದೆಯಂತೆ 1963ರಲ್ಲಿ ಶಾನುಭೋಗಿಕೆ, ಪಟೇಲಿಕೆ ರದ್ದಾದವು. ವಂಶಪಾರಂಪರ್ಯ ಹೋದದ್ದು ನ್ಯಾಯವೇ. ಅವರ ಕೈಯಲ್ಲಿ ನರಳಿದವರು ಕಡಿಮೆಯಿರಲಿಲ್ಲ. ಆದರೆ ಅದರ ಜೊತೆಗೆ ಮೋಡಿ ಕಲಿಯುವ ಕಾರಣವೂ ಹೋಯಿತು. ಅಜ್ಜಾರ ಮಕ್ಕಳು ಕಲಿಯಲಿಲ್ಲ. ಅತ್ತ ಕೆಳದಿಯಲ್ಲಿ ಗುಂಡಾ ಜೋಯಿಸರು ಓಲೆ, ಮೋಡಿ ಕಾಗದಗಳನ್ನು ಕೂಡಿಹಾಕಿ ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. ನಮ್ಮ ಕಡೆ ಅಂಥವರೊಬ್ಬರು ಹುಟ್ಟಲಿಲ್ಲ. ದಾವಣಗೆರೆ ಜಿಲ್ಲೆಯಾದದ್ದೇ 1997ರಲ್ಲಿ. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು, ದಾವಣಗೆರೆ, ಹರಿಹರ ಚಿತ್ರದುರ್ಗದಿಂದ. ಒಂದೇ ದಂಗೆಯ ದಫ್ತರ ಎಷ್ಟು ಊರಿನ ಕಚೇರಿ ಮೆಟ್ಟಿಲು ಹತ್ತಿಸುತ್ತದೆ ಎಂಬುದನ್ನು ಹತ್ತಿದವನೇ ಬಲ್ಲ.

ಆಮೇಲೆ ಹಳೇ ಮನೆಗಳು ಬಿದ್ದು ಆರ್‌ಸಿಸಿ ಎದ್ದವು. ಆರ್‌ಸಿಸಿಗೆ ಅಟ್ಟ ಇಲ್ಲ. ಗಂಟುಗಳು ಗುಜರಿಗೆ ಬಂದವು. ನಾನು ಗುಜರಿಯವನಿಗೆ ಹೇಳಿಟ್ಟಿದ್ದೆ, ಕೈಬರಹದ ಕಾಗದ ಬಂದರೆ ತೆಗೆದಿಡಪ್ಪಾ ಅಂತ. ಅವನು ನಕ್ಕು, ‘ಮಂಡಕ್ಕಿ ಕಟ್ಟಾಕೂ ಬರಲ್ಲ ಸಾರ್, ಮುಟ್ಟಿದ್ರೆ ಪುಡಿ ಆಕೈತಿ’ ಎಂದ. ದಾವಣಗೆರೆಯಲ್ಲಿ ಒಂದು ಕಾಗದ ಮಂಡಕ್ಕಿ ಕಟ್ಟಲಿಕ್ಕೂ ಬಾರದು ಅಂದರೆ ಅದರ ಬೆಲೆ ಅಷ್ಟೇ ಅಂತ ಲೆಕ್ಕ.

ಬೇರೆಯವರನ್ನು ದೂರುವ ಹಾಗೂ ಇಲ್ಲ. ಅದೇ ಗುಜರಿಯಲ್ಲಿ ಒಮ್ಮೆ ನನಗೊಂದು ಕಡತ ಸಿಕ್ಕಿತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿದ್ದು. ಬಳಪದಲ್ಲಿ ಬರೆಯುತ್ತಿದ್ದ ಹಳೇ ಲೆಕ್ಕದ ಪುಸ್ತಕ. ಮೇಲೆ ಬೆರಳುದ್ದ ಧೂಳು, ಇಲಿಪಿಚ್ಚೆ. ಮನೆಗೆ ತಂದವನೇ ಹುರುಪಿನಲ್ಲಿ ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಿದೆ. ಮೂರನೇ ಮಡಿಕೆಗೆ ಬರುವಷ್ಟರಲ್ಲಿ ಬಟ್ಟೆ ಬೆಳ್ಳಗಾಗಿತ್ತು. ಆಗ ಗೊತ್ತಾಯಿತು, ನಾನು ಒರೆಸಿದ್ದು ಬರೀ ಧೂಳಲ್ಲ.

ಮಡಿಕೆಯ ಸಂದಿಯಲ್ಲಿ, ಬಟ್ಟೆ ತಾಗದ ಕಡೆ, ಕನ್ನಡದಲ್ಲಿ ಒಂದೂವರೆ ಸಾಲು ಉಳಿದಿದೆ. ಹುರುಳಿ ಎರಡು ಸೇರು, ಹುಲ್ಲು, ಲಾಳ ನಾಲ್ಕು.