ಸೋಂಪುರದ ಕೆರೆಯೂ ಗಾಳದ ಪಂಚಾಂಗವೂ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲವನ್ನು ದಾಟಿ ದಾಬಸ್‌ಪೇಟೆಯನ್ನು ಸಮೀಪಿಸುವಾಗ ಎಡಗಡೆಗೆ ಶಿವಗಂಗೆಯ ಬೆಟ್ಟವು ಮೇಲೆದ್ದು ಕಾಣುವುದು. ಪೂರ್ವದಿಂದ ನೋಡಿದವರಿಗೆ ನಂದಿಯಂತೆ, ಉತ್ತರದಿಂದ ಸರ್ಪದಂತೆ, ದಕ್ಷಿಣದಿಂದ ಲಿಂಗದಂತೆ, ಪಶ್ಚಿಮದಿಂದ ಗಣಪತಿಯಂತೆ ತೋರುವುದೆಂದು ಹಿರಿಯರು ಹೇಳುತ್ತ ಬಂದಿರುವರು. ಈ ಬೆಟ್ಟದ ಸೀಮೆಯಲ್ಲಿಯೇ ಕುಮುದ್ವತಿಯು ಹುಟ್ಟಿ, ಮುಂದೆ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಕೂಡುವಳು. ಸೋಂಪುರ ಹೋಬಳಿಯು ಇದೇ ನೆಲದ್ದು. ಈಗ ಅಲ್ಲಿ ಕಾರ್ಖಾನೆಗಳೇ ಮೊದಲು ಕಣ್ಣಿಗೆ ಬೀಳುವುವಾದರೂ, ಅವುಗಳ ಹಿಂದೆ ಇನ್ನೂ ರಾಗಿಯ ಹೊಲಗಳುಂಟು, ಕೆರೆಗಳುಂಟು.

ಕಳೆದ ಆರಿದ್ರಾ ಮಳೆಯ ದಿನಗಳಲ್ಲಿ ಅಂತಹ ಒಂದು ಕೆರೆಯ ಏರಿಯ ಮೇಲೆ ಒಂದು ಹಗಲನ್ನು ಕಳೆದೆನು. ಕೆರೆಯ ಹೆಸರನ್ನು ಹೇಳಲಾರೆ. ಹೇಳಿದರೆ ಮುಂದಿನ ಭಾನುವಾರವೇ ಪಟ್ಟಣದ ಗಾಳದವರೆಲ್ಲರೂ ಅಲ್ಲಿ ನೆರೆಯುವರು. ಕರೆದುಕೊಂಡು ಹೋದವನು ನನ್ನ ಹಳೆಯ ಶಿಷ್ಯನು, ಈಗ ಅಲ್ಲಿಯೇ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿರುವವನು. ಇವನು ಏಳನೆಯ ತರಗತಿಯಲ್ಲಿದ್ದಾಗ ಶಾಲೆಗೆ ತಪ್ಪಿಸಿಕೊಂಡು ಕೆರೆಗೆ ಹೋದನೆಂದು ಎರೆಹುಳುವಿನ ಡಬ್ಬಿಯನ್ನು ಕಿತ್ತು ಬೇಲಿಯಾಚೆ ಎಸೆದು, ಕೈಗೆ ಎರಡು ಏಟುಗಳನ್ನೂ ಕೊಟ್ಟಿದ್ದೆನು. ಅವನು ಮರೆತಿರಬಹುದೆಂದು ಆಶಿಸಿದ್ದೆ, ಮರೆತಿರಲಿಲ್ಲ.

ನಾನು ಮೀನು ತಿನ್ನುವವನಲ್ಲ, ಹಿಡಿಯುವವನೂ ಅಲ್ಲ. ನನ್ನನ್ನು ಅಲ್ಲಿಗೆ ಎಳೆದುದು ಒಂದು ಪುಸ್ತಕ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳನ್ನು ಹೇಳುವಾಗ 'ಮತ್ಸ್ಯವಿನೋದ'ವೆಂದು ಗಾಳದ ಬೇಟೆಗೇ ಒಂದು ಪ್ರಕರಣವನ್ನು ಮೀಸಲಿಟ್ಟಿರುವನು. ಮೀನುಗಳ ಜಾತಿಗಳಾವುವು, ಯಾವುದಕ್ಕೆ ಯಾವ ಆಹಾರವನ್ನು ಒಡ್ಡಬೇಕು, ದಾರ, ಕೋಲು, ಕೊಕ್ಕೆ ಹೇಗಿರಬೇಕು ಎಂಬುದೆಲ್ಲವೂ ಅದರಲ್ಲುಂಟು. ಅಮರಕೋಶದಲ್ಲಿ 'ಬಡಿಶ', 'ಶಕುಲ', 'ಪಾಠೀನ' ಎಂದು ಬಾಯಿಪಾಠ ಮಾಡಿಸುತ್ತಿದ್ದ ನಾನು ಅವುಗಳಲ್ಲಿ ಒಂದನ್ನಾದರೂ ಕಣ್ಣಿನಿಂದ ಕಂಡಿರಲಿಲ್ಲ. ಪಾಠೀನವು ನಮ್ಮ ಬಾಳೆಮೀನು ಎಂಬರು; ಅದಕ್ಕೆ ಸಹಸ್ರದಂಷ್ಟ್ರವೆಂದು ಇನ್ನೊಂದು ಹೆಸರೇಕೆ ಬಂದಿತೆಂಬುದು, ಅದರ ಬಾಯನ್ನು ತೆರೆದು ತೋರಿಸಿದ ಮೇಲೆಯೇ ನನಗೆ ಅರ್ಥವಾದುದು.

"ಮೇಷ್ಟ್ರೇ, ಮೀನಿಗೂ ಪಂಚಾಂಗ ಉಂಟು. ನೀವು ತಿಥಿ ನೋಡ್ತೀರಿ, ನಾವು ಮಳೆ ನೋಡ್ತೀವಿ" ಎಂದನು ಶಿಷ್ಯ.

ಬೇಸಗೆಯ ಮಾತನ್ನು ಅವನು ಬೇಗ ಮುಗಿಸಿದನು. ಕಾದ ನೀರಿನಲ್ಲಿ ಪ್ರಾಣವಾಯು ಕಡಮೆ. ಆದುದರಿಂದ ಗೆಂಡೆ ಮೊದಲಾದುವು ಮುಂಜಾನೆ ಸಂಜೆಗಳಲ್ಲಿ ಮಾತ್ರ ಮೇಯುವುವು. ಕೊರವಕ್ಕೆ ಮಾತ್ರ ಗಾಳಿಯನ್ನೇ ಉಸಿರಾಡುವ ಶಕ್ತಿಯುಂಟು. ಅದು ಮೇಲಕ್ಕೆ ಬಂದು ಗುಳುಕ್ಕೆಂದು ಗಾಳಿ ನುಂಗಿ ಹೋಗುವ ಸ್ಥಳವನ್ನು ಗುರುತಿಟ್ಟುಕೊಂಡು ಅಲ್ಲಿಯೇ ಗಾಳವನ್ನು ಇಳಿಸಬೇಕು.

ಮುಂಗಾರಿನ ವಿಷಯಕ್ಕೆ ಬಂದಾಗ ಅವನ ಮುಖವೇ ಬೇರೆಯಾಯಿತು. ರೋಹಿಣಿ, ಮೃಗಶಿರಾ ಮಳೆಗಳ ಹೊಸನೀರು ಕೆರೆಗೆ ಇಳಿಯುವಾಗ ಮೀನುಗಳು ಆ ನೀರಿಗೆ ಎದುರಾಗಿ ಹತ್ತುವುವು. ನೀರು ಕೆಂಪಗೆ ಕದಡಿರುವುದರಿಂದ ಕಣ್ಣಿಗೆ ಕೆಲಸವಿಲ್ಲ, ವಾಸನೆಯೇ ದಾರಿ. ಹೊಲದಿಂದ ಎರೆಹುಳುಗಳು ತಾವಾಗಿಯೇ ಕೊಚ್ಚಿಕೊಂಡು ಬರುವ ಆ ದಿನಗಳಲ್ಲಿ ಎರೆಹುಳುವನ್ನು ಮೀರಿದ ಎರೆಯಿಲ್ಲ. (ಕನ್ನಡದಲ್ಲಿ 'ಎರೆ' ಎಂದರೆ ಗಾಳಕ್ಕೆ ಚುಚ್ಚುವ ಆಹಾರವೂ ಹೌದು, ಆ ಹುಳುವೂ ಹೌದು. ತಮಿಳಿನ 'ಇರೈ' ಇದರ ಒಡಹುಟ್ಟು.) ಮಳೆ ನಿಂತ ಸಂಜೆ ಈಸಲು ಎದ್ದರೆ ಅದನ್ನೇ ಸಣ್ಣ ಕೊಕ್ಕೆಗೆ ಸಿಕ್ಕಿಸಿ ನೀರಿನ ಮೇಲೆ ತೇಲಬಿಡುವನು. ಕಪ್ಪೆಗಳು ವಟಗುಟ್ಟಲು ತೊಡಗಿದ ಮೇಲೆ ಕೊರವಕ್ಕೆ ರಬ್ಬರಿನ ಕಪ್ಪೆ. ಅದರ ಕೊಕ್ಕೆಗಳು ಬೆನ್ನಿಗೆ ಅಡಗಿರುವುದರಿಂದ ಜೊಂಡಿಗೆ ಸಿಕ್ಕಿಕೊಳ್ಳವು. ಎರಡು ಸಲ ಎಳೆದು ಒಮ್ಮೆ ನಿಲ್ಲಿಸಬೇಕು. ನಿಂತ ಕಪ್ಪೆಯ ಮೇಲೆಯೇ ಕೊರವವು ಎರಗುವುದಂತೆ.

ಹಿಂಗಾರು ಕಳೆದು ನೀರು ತಿಳಿಯಾದಾಗ ಹೊಳೆಯುವ ತಗಡಿನ ತುಣುಕು ಸಣ್ಣ ಮೀನಿನಂತೆ ತೋರುವುದು. ಚಳಿಗಾಲದಲ್ಲಿ ಮೀನಿನ ಮೈ ತಣ್ಣಗಾಗಿ ಜೀರ್ಣಶಕ್ತಿ ಕುಗ್ಗುವುದು. ಆಗ ರಾಗಿಹಿಟ್ಟಿನ ಕಡಲೆಗಾತ್ರದ ಉಂಡೆ, ಆಳವಾದ ನೀರು, ನಡುಹಗಲು, ಬಹಳ ತಾಳ್ಮೆ. ಸೋಮೇಶ್ವರನೂ ಹಿಟ್ಟಿನ ಉಂಡೆಗಳನ್ನು ಹೇಳಿರುವನೆಂದು ನಾನು ತಿಳಿಸಲು, "ದೊರೆಗೂ ಗೊತ್ತಿತ್ತಾ!" ಎಂದು ಹಿಗ್ಗಿದನು.

ಹೀಗೆ ಮಾತನಾಡುತ್ತಲೇ ರಬ್ಬರಿನ ಕಪ್ಪೆಯನ್ನು ಬೀಸಲು ಕೈಯೆತ್ತಿದವನು ಥಟ್ಟನೆ ನಿಂತನು. ಜೊಂಡಿನ ಪಕ್ಕದಲ್ಲಿ ಕುಂಕುಮ ಕದಡಿದಂತೆ ಒಂದು ಮೊರದಗಲ ನೀರು ಮಿಸುಕಾಡುತ್ತಿತ್ತು. ಅದು ಕೊರವದ ಮರಿಗಳ ಗುಂಪು. ಕೆಳಗೆ ಎರಡು ಕಪ್ಪು ನೆರಳುಗಳು, ತಾಯಿಯೂ ತಂದೆಯೂ. ಆ ಮರಿಗಳ ಹತ್ತಿರ ಏನು ಬಿದ್ದರೂ ಅವು ಹಸಿವಿಲ್ಲದಿದ್ದರೂ ಸಿಟ್ಟಿನಿಂದ ಕಚ್ಚುವುವು. ಹಿಡಿಯುವುದಕ್ಕೆ ಇದಕ್ಕಿಂತ ಸುಲಭವಾದ ಹೊತ್ತು ಇನ್ನಿಲ್ಲ.

"ಹೋದ ವರ್ಷ ಹೀಗೇ ಹಿಡಿದೆ, ಮೇಷ್ಟ್ರೇ. ಎರಡನ್ನೂ ಹಿಡಿದೆ. ಸಂಜೆ ಬಂದು ನೋಡಿದರೆ ಆ ಕೆಂಪು ಇರಲಿಲ್ಲ. ಬೇರೆ ಮೀನು ತಿಂದು ಮುಗಿಸಿದ್ದವು. ಮನೆಯಲ್ಲಿ ಸಾರು ಮಾಡಿದ್ದರು, ನನಗೆ ಸೇರಲಿಲ್ಲ."

ಪುಸ್ತಕದಿಂದ ಏನಾದರೂ ಹೇಳೋಣವೆಂದು ಯೋಚಿಸಿದೆನು; ಹೇಳತಕ್ಕದ್ದು ಏನೂ ಹೊಳೆಯಲಿಲ್ಲ. ಬೇಲಿಯಾಚೆ ಎಸೆದ ಡಬ್ಬಿಯ ನೆನಪು ಮಾತ್ರ ಬಂದಿತು. "ಅಂದು ನಿನ್ನನ್ನು ಹೊಡೆಯಬಾರದಾಗಿತ್ತಪ್ಪ" ಎಂದೆ. ಅವನು ನಕ್ಕು, "ಅವತ್ತು ಲೆಕ್ಕದ ಪರೀಕ್ಷೆ ಇತ್ತು ಮೇಷ್ಟ್ರೇ, ಏಟು ನ್ಯಾಯವೇ" ಎಂದು ಕಪ್ಪೆಯನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡನು. ಬಳಿಕ ಸಣ್ಣ ಕೊಕ್ಕೆಯನ್ನು ಕಟ್ಟಿ, ಡಬ್ಬಿಯಿಂದ ಒಂದು ಎರೆಹುಳುವನ್ನು ತೆಗೆದು, ಹೊಸನೀರು ಬರುವ ಕಾಲುವೆಯ ಬಾಯಿಗೆ ನಡೆದನು.

ಕತ್ತಲಾಗುವ ಹೊತ್ತಿಗೆ ಅವನಿಗೆ ಎರಡು ಗೆಂಡೆಗಳು ಸಿಕ್ಕಿದ್ದುವು. ನನ್ನನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ಕೆರೆಯಂಚಿನ ತೇವದಲ್ಲಿ ಬೆಳೆದಿದ್ದ ಒಂದೆಲಗವನ್ನು ಕಿತ್ತು, ಕೈ ತೊಳೆದುಕೊಂಡು ಕಟ್ಟುಕಟ್ಟಿ ಕೊಟ್ಟನು. ಮರುದಿನ ನಮ್ಮ ಮನೆಯಲ್ಲಿ ಅದರದೇ ತಂಬುಳಿ.