ಮಸಿ ಒರೆಸುವ ಕೈ

ಕಡ್ಲೇಕಾಯಿ ಬೆಳೀತಿದ್ದ ವಳ್ಳೂರಿನ ನೆಲದಲ್ಲಿ ಈಗ ಗಾಜಿನ ಬೆಳೆ. ಪಾವಗಡ ತಾಲ್ಲೂಕಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2018ರಿಂದ ಸೌರ ಫಲಕಗಳು ನಿಂತಿವೆ. ಸಾಮರ್ಥ್ಯ 2,050 ಮೆಗಾವ್ಯಾಟ್. ಭೂಮಿ ಇದ್ದೋರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಹಣ ಶುರುವಾಯ್ತು. ಆ ಹೊಲಗಳಲ್ಲಿ ಕೂಲಿ ಮಾಡಿ ಉಣ್ಣುತ್ತಿದ್ದ ನಮ್ಮಂಥೋರಿಗೆ ಸಿಕ್ಕಿದ್ದು ಹುಲ್ಲು ಕೀಳೋದು, ಗಾಜು ಒರೆಸೋದು. ಕೆಲಸ ಹಂಚುವ ನೆಪದಲ್ಲಿ ಜಾತಿ ಕೆಲಸಗಾರರನ್ನೇ ಒಡೆದಿದೆ ಎಂಬುದನ್ನು ಅಂಬೇಡ್ಕರ್ 1936ರಲ್ಲೇ ಬಿಡಿಸಿಟ್ಟಿದ್ದರು. ಲಾರಿಗೆ ಹೋದ ನಮ್ಮ ಹುಡುಗರೂ ವರ್ಷಾನುಗಟ್ಟಲೆ ಕ್ಲೀನರ್‌ಗಳೇ. ಇಂಜಿನ್ ಬಿಚ್ಚುವಾಗ ಮಾತ್ರ, "ನೀನು ಟೈರು ನೋಡೋಗ್ಲಾ."

ನಾವು ನಾಲ್ಕು ಮನೆಯೋರು ಸೇರಿ ಹಳೇ ವ್ಯಾನೊಂದನ್ನು ತಂದಿದ್ದೀವಿ. ಕೇರಿಯ ಬಸುರಿ ಬಾಣಂತಿಯರನ್ನ ಪಾವಗಡದ ಆಸ್ಪತ್ರೆಗೆ ಒಯ್ಯೋದು ಅದೇ. ಅದು ನಿಂತಲ್ಲಿ ಗಡಗಡ ನಡುಗಿ ಆಫಾಗತೊಡಗಿತು. ವಾಲ್ವೇ ಹೊಸದು ಹಾಕಬೇಕು ಅಂತ ಗ್ಯಾರೇಜಿನೋರು ಹೇಳಿದ ರೇಟು ನಮ್ಮ ಹದಿನೈದು ದಿನದ ಕೂಲಿ. ನಾವೇ ಸೀಟು ಎತ್ತಿ ಇಂಜಿನ್ನಿಗೆ ಕೈ ಹಾಕಿದೆವು.

ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಥ್ರಾಟಲ್ ತಟ್ಟೆ ಮುಚ್ಚಿಕೊಳ್ಳುತ್ತೆ. ಆಗ ಇಂಜಿನ್ ಉಸಿರಾಡೋಕೆ ಬೇಕಾದ ಚೂರು ಗಾಳಿ ಪಕ್ಕದ ಸಣ್ಣ ದಾರೀಲಿ ಹೋಗಬೇಕು. ಆ ದಾರಿಯ ಬಾಗಿಲೇ ಐಡಲ್ ವಾಲ್ವು. ಎಣ್ಣೆಯ ಆವಿ, ಮಸಿ ಕಟ್ಟಿದರೆ ಬಾಗಿಲು ಅಲುಗಾಡಲ್ಲ.

ಇಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ಮೈನಸ್ ತಂತಿ ಕಳಚಿ, ವಾಲ್ವಿನ ಪ್ಲಗ್ ತೆಗೆದು, ಸ್ಕ್ರೂ ಬಿಚ್ಚಿದೆವು. ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ, ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ವಾಲ್ವಿನ ಮೊನೆಯನ್ನೂ ಗಾಳಿಯ ದಾರಿಯನ್ನೂ ಮೆಲ್ಲಗೆ ಉಜ್ಜಿದೆವು. ಮೊನೆಯನ್ನ ಕೈಯಿಂದ ಒತ್ತಬಾರದು, ಎಳೀಬಾರದು. ಒಳಗಿನ ಸಣ್ಣ ಹಲ್ಲು ಮುರಿಯುತ್ತೆ. ಮೋಟಾರಿನೊಳಕ್ಕೆ ಕ್ಲೀನರ್ ಇಳೀಬಾರದು. ಬೀಡಿ ಬೆಂಕಿ ಹತ್ತಿರ ಸುಳೀಬಾರದು. ಪೂರ್ತಿ ಒಣಗಿಸಿ, ರಬ್ಬರ್ ರಿಂಗು ಕೂರಿಸಿ, ಬಿಗಿದು, ಬಯಲಲ್ಲಿ ಹತ್ತು ನಿಮಿಷ ಇಂಜಿನ್ ಓಡಿಸಿದೆವು. ನಡುಕ ನಿಂತಿತು. ಖರ್ಚು ಒಂದು ಡಬ್ಬಿ ಕ್ಲೀನರಿನದು.

ಮೇಷ್ಟ್ರುಗಳೇ, ಗಾಳಿ, ಉರಿ, ಒತ್ತಡದ ಪಾಠ ನೀವು ಬೋರ್ಡಿನ ಮೇಲೆ ಮಾಡ್ತೀರಿ. ಒಂದು ಭಾನುವಾರ ನಮ್ಮ ಕೇರಿಗೆ ಬನ್ನಿ, ಸೀಟು ಎತ್ತಿಟ್ಟಿರ್ತೀವಿ. ನಮ್ಮ ಗಂಡು ಹೆಣ್ಣು ಮಕ್ಕಳು ಬಿಚ್ಚೋದು, ಜೋಡಿಸೋದು ಕಲೀಲಿ. ನಾಳೆ ಗಾಜು ಒರೆಸೋಕೆ ಕರೆದಾಗ, ಅದರ ಹಿಂದಿನ ತಂತಿ ಎಲ್ಲಿಗೆ ಹೋಗುತ್ತೆ, ಆ ಕೆಲಸ ನಮಗ್ಯಾಕಿಲ್ಲ ಅಂತ ಕೇಳಲಿ.